ಆಂಟಿಹಿಸ್ಟಮಿನ್
ಅಲರ್ಜಿಯಾದಾಗ ದೇಹದಲ್ಲಿ ಬಿಡುಗಡೆಯಾಗುವ ಹಿಸ್ಟಮಿನ್ ರಾಸಾಯನಿಕದ ಪರಿಣಾಮವನ್ನು ತಡೆಯುವ ಔಷಧ. ಪಾರ್ಥೇನಿಯಂ ಮೊದಲಾದ ಗಿಡಗಳ ಪರಾಗದಿಂದ ಬರುವ ಸೀನು, ಮೂಗು ಸೋರಿಕೆ, ಕಣ್ಣಿನ ತುರಿಕೆಗಳನ್ನು ಶಮನಗೊಳಿಸುತ್ತದೆ; ಕಟ್ಟಿದ ಮೂಗಿಗೆ ಉಪಯೋಗ ಕಡಿಮೆ.

ಮೊದಲ ಪೀಳಿಗೆಯ ಕ್ಲೋರ್‌ಫೆನಿರಮಿನ್ ಮಿದುಳನ್ನು ಪ್ರವೇಶಿಸಿ ತೂಕಡಿಕೆ ತರುತ್ತದೆ. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇರುವವರು ವೈದ್ಯರನ್ನು ಕೇಳದೆ ಸೇವಿಸಬಾರದು. ಎರಡನೇ ಪೀಳಿಗೆಯ ಸೆಟಿರಿಜಿನ್‌ನಲ್ಲಿ ಮಂಪರು ಕಡಿಮೆ, ಆದರೆ ಇಲ್ಲವೆಂದಲ್ಲ. ವಯಸ್ಕರಿಗೆ ಸಾಮಾನ್ಯವಾಗಿ ದಿನಕ್ಕೆ 10 ಮಿ.ಗ್ರಾಂ.ನ ಒಂದು ಮಾತ್ರೆ. ಮೂತ್ರಪಿಂಡ ದುರ್ಬಲವಾಗಿದ್ದರೆ ಪ್ರಮಾಣ ಇಳಿಸಬೇಕು. ಇದೇ ಪೀಳಿಗೆಯ ಫೆಕ್ಸೊಫೆನಡಿನ್ ಮಾತ್ರೆಯನ್ನು ಹಣ್ಣಿನ ರಸದೊಂದಿಗೆ ನುಂಗಿದರೆ ಅದು ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ, ನೀರೇ ಸೂಕ್ತ. ನೆಗಡಿಯ ಸಂಯುಕ್ತ ಮಾತ್ರೆಗಳಲ್ಲೂ ಆಂಟಿಹಿಸ್ಟಮಿನ್ ಇರಬಹುದಾದ್ದರಿಂದ ಎರಡನ್ನೂ ಒಟ್ಟಿಗೆ ಸೇವಿಸಬಾರದು. ಮದ್ಯ ಬೆರೆತರೆ ಮಂಪರು ಹೆಚ್ಚುತ್ತದೆ. ಮಂಪರಿದ್ದಾಗ ವಾಹನ ಚಲಾಯಿಸಬಾರದು. ಉಸಿರು ಕಟ್ಟುವ ತೀವ್ರ ಅಲರ್ಜಿಗೆ ಈ ಮಾತ್ರೆ ಸಾಲದು. ತಕ್ಷಣ ಆಸ್ಪತ್ರೆಗೆ ಹೋಗಬೇಕು.