ಸಿಪಾನಿ ಡಾಲ್ಫಿನ್ ಮತ್ತು ಮಾರುತಿ 800

ಸಿಪಾನಿ ಡಾಲ್ಫಿನ್ ಮತ್ತು ಮಾರುತಿ 800 ಇವು 1980ರ ದಶಕದ ಆರಂಭದಲ್ಲಿ ಭಾರತದ ಮಾರುಕಟ್ಟೆಗೆ ಬಂದ ಎರಡು ಚಿಕ್ಕ ಕಾರುಗಳು. ಮೊದಲನೆಯದು ಬ್ರಿಟಿಷ್ ವಿನ್ಯಾಸವನ್ನು ಆಧರಿಸಿ ಬೆಂಗಳೂರಿನಲ್ಲಿಯೂ, ಎರಡನೆಯದು ಜಪಾನಿ ವಿನ್ಯಾಸವನ್ನು ಆಧರಿಸಿ ಹರಿಯಾಣದ ಗುರುಗಾಂವದಲ್ಲಿಯೂ ತಯಾರಾದವು. ಗಾತ್ರದಲ್ಲಿ ಹತ್ತಿರವಾಗಿದ್ದರೂ ಇವುಗಳ ನಿರ್ಮಾಣ ಪದ್ಧತಿ ಬೇರೆ ಬೇರೆಯಾಗಿತ್ತು.

ಹಿನ್ನೆಲೆ

ಆ ಕಾಲದಲ್ಲಿ ಭಾರತದ ರಸ್ತೆಗಳಲ್ಲಿ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳೇ ಹೆಚ್ಚಾಗಿದ್ದವು. ಸಿಪಾನಿ ಸಂಸ್ಥೆಯು ಮೊದಲು ‘ಬಾದಲ್’ ಎಂಬ ಮೂರು ಚಕ್ರದ ವಾಹನವನ್ನು ತಯಾರಿಸಿತ್ತು. ಅನಂತರ ಇಂಗ್ಲೆಂಡಿನ ರಿಲಯಂಟ್ ಸಂಸ್ಥೆಯ ‘ಕಿಟನ್’ ಕಾರನ್ನು ಆಧರಿಸಿ ಡಾಲ್ಫಿನ್ ಅನ್ನು ಹೊರತಂದಿತು. ರಿಲಯಂಟ್ ಸಂಸ್ಥೆಯು ‘ಸಿಮಿಟರ್’ ಎಂಬ ಕ್ರೀಡಾ ಕೂಪೆ ಕಾರಿಗೂ ಹೆಸರಾಗಿತ್ತು. ಮಾರುತಿ ಉದ್ಯೋಗ್ ಸಂಸ್ಥೆಯು 1982ರಲ್ಲಿ ಸುಜುಕಿಯೊಡನೆ ಒಪ್ಪಂದ ಮಾಡಿಕೊಂಡು, 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಅನ್ನು ಬಿಡುಗಡೆ ಮಾಡಿತು.

ರಚನೆ

ಡಾಲ್ಫಿನ್‌ಗೆ 848 ಸಿಸಿ ಸಾಮರ್ಥ್ಯದ, ನಾಲ್ಕು ಸಿಲಿಂಡರಿನ ಎಂಜಿನ್ ಇತ್ತು. ಎಂಜಿನ್ ಮುಂಭಾಗದಲ್ಲಿದ್ದು, ಅದರ ಶಕ್ತಿ ಹಿಂದಿನ ಚಕ್ರಗಳಿಗೆ ತಲುಪುತ್ತಿತ್ತು. ಪಕ್ಕದಲ್ಲಿ ಎರಡೇ ಬಾಗಿಲುಗಳಿದ್ದವು. ಮಾರುತಿ 800ರದು 796 ಸಿಸಿ, ಮೂರು ಸಿಲಿಂಡರಿನ ಎಂಜಿನ್. ಇಲ್ಲಿ ಶಕ್ತಿ ಮುಂದಿನ ಚಕ್ರಗಳಿಗೇ ಹೋಗುತ್ತಿದ್ದುದರಿಂದ ಉದ್ದನೆಯ ಪ್ರೊಪೆಲರ್ ಶಾಫ್ಟ್ ಬೇಕಾಗಲಿಲ್ಲ. ಇದರಿಂದ ಒಳಗೆ ಸ್ಥಳ ಉಳಿಯಿತು. ಇದಕ್ಕೆ ಪಕ್ಕದಲ್ಲಿ ನಾಲ್ಕು ಬಾಗಿಲುಗಳಿದ್ದವು.

ಮೈಕಟ್ಟಿನ ವಸ್ತು

ಎರಡರ ನಡುವಿನ ಮುಖ್ಯ ವ್ಯತ್ಯಾಸ ಮೈಕಟ್ಟಿನಲ್ಲಿದೆ. ಡಾಲ್ಫಿನ್‌ನ ಮೈಕಟ್ಟು ಫೈಬರ್‌ಗ್ಲಾಸಿನದು. ಗಾಜಿನ ನಾರಿನ ಪದರಗಳನ್ನು ಅಚ್ಚಿನಲ್ಲಿ ಹರವಿ, ರಾಳದಿಂದ ಗಟ್ಟಿಗೊಳಿಸಿ ಇದನ್ನು ರೂಪಿಸಲಾಗುತ್ತದೆ. ಅಚ್ಚಿನ ವೆಚ್ಚ ಕಡಿಮೆ. ಆದರೆ ಕೈಕೆಲಸ ಹೆಚ್ಚು. ಆದ್ದರಿಂದ ಅಲ್ಪ ಸಂಖ್ಯೆಯಲ್ಲಿ ಕಾರು ತಯಾರಿಸುವವರಿಗೆ ಈ ಪದ್ಧತಿ ಒಪ್ಪುತ್ತದೆ. ಇಂತಹ ಮೈಕಟ್ಟು ಹಗುರ, ತುಕ್ಕು ಹಿಡಿಯುವುದಿಲ್ಲ. ಆದರೆ ಪೆಟ್ಟು ಬಿದ್ದರೆ ತಗ್ಗಾಗುವ ಬದಲು ಬಿರುಕು ಬಿಡುತ್ತದೆ. ಸಾಮಾನ್ಯ ಗ್ಯಾರೇಜಿನಲ್ಲಿ ಬಡಿದು ಸರಿಮಾಡಲು ಬಾರದು.

ಮಾರುತಿಯ ಮೈಕಟ್ಟು ಉಕ್ಕಿನ ತಗಡಿನದು. ತಗಡನ್ನು ಒತ್ತಿ ಆಕಾರ ಕೊಡುವ ಭಾರಿ ಯಂತ್ರಗಳಿಗೆ ದೊಡ್ಡ ಬಂಡವಾಳ ಬೇಕು. ಆದರೆ ಸಾವಿರಾರು ಕಾರುಗಳು ಹೊರಬಂದಂತೆ ಪ್ರತಿ ಕಾರಿನ ಮೇಲೆ ಬೀಳುವ ಈ ವೆಚ್ಚ ಇಳಿಯುತ್ತದೆ.

ಪರಿಣಾಮ

ಹಗುರವಾಗಿದ್ದ ಡಾಲ್ಫಿನ್ ಭಾರತದ ರ‍್ಯಾಲಿ ಸ್ಪರ್ಧೆಗಳಲ್ಲಿ ಗಮನ ಸೆಳೆಯಿತು. ಆದರೆ ಸಂಸಾರವಂದಿಗರಿಗೆ ಎರಡು ಬಾಗಿಲಿನ ಕಾರು ಅನುಕೂಲವೆನಿಸಲಿಲ್ಲ. ಸಿಪಾನಿ ಮುಂದೆ ‘ಮೊಂಟಾನಾ’ ಎಂಬ ನಾಲ್ಕು ಬಾಗಿಲಿನ ಕಾರನ್ನು ತಂದರೂ ಮಾರುತಿಯ ಮುಂದೆ ನಿಲ್ಲಲಾಗಲಿಲ್ಲ. ಮಾರುತಿ 800ರ ತಯಾರಿಕೆ 2014ರವರೆಗೆ ನಡೆದು, 25 ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು.

ಡಾಲ್ಫಿನ್‌ನ ಹಿನ್ನಡೆಯನ್ನು ಕೇವಲ ವಿನ್ಯಾಸದ ದೋಷವೆಂದು ಹೇಳಲಾಗದು. ಅದು ಸಣ್ಣ ಕಾರ್ಖಾನೆಗೆ ಹೊಂದುವ ಕಾರಾಗಿತ್ತು. ಎದುರಾದದ್ದು ಬೃಹತ್ ಉತ್ಪಾದನೆಗೆಂದೇ ರೂಪುಗೊಂಡ ಕಾರು. ಆದರೂ ಕರ್ನಾಟಕದಲ್ಲಿ ಕಾರು ತಯಾರಿಸುವ ಆರಂಭದ ಪ್ರಯತ್ನಗಳಲ್ಲಿ ಡಾಲ್ಫಿನ್‌ಗೆ ಗಮನಾರ್ಹ ಸ್ಥಾನವಿದೆ.