ಮದರಾಸಿನ ಕೋಟೆಯ ಕಾಲೇಜಿನಲ್ಲಿ ಕನ್ನಡ

ಪರಭಾಷೆಯನ್ನು ಅದು ಹುಟ್ಟಿ ಬೆಳೆದ ನೆಲದಲ್ಲಿಯೇ ನಿಂತು ಕಲಿಯಬೇಕೆಂಬ ವಿಚಾರವು ಆಂಗ್ಲರಿಗೆ ಹೊಸತಲ್ಲ. ಪ್ಯಾರಿಸಿನಲ್ಲಿ 1894ರಲ್ಲಿ ಮೊದಲಾದ ಅವರ ಸಂಸ್ಥೆಯೊಂದು 1969ರಲ್ಲಿ ಲಂಡನ್ ವಿಶ್ವವಿದ್ಯಾನಿಲಯಕ್ಕೆ ಸೇರಿ, ಫ್ರೆಂಚ್ ಭಾಷೆಯನ್ನೂ ಆ ಜನರ ಸಂಸ್ಕೃತಿಯನ್ನೂ ಕಲಿಸುವ ಪೀಠವಾಯಿತು. ಅಲ್ಲಿಗೆ ಹೋದ ವಿದ್ಯಾರ್ಥಿಯು ಅತಿಥಿ. ಅದು ಮೊದಲಾಗುವುದಕ್ಕೆ 82 ವರ್ಷ ಹಿಂದೆ, 1812ರಲ್ಲಿ, ಈಸ್ಟ್ ಇಂಡಿಯಾ ಕುಂಪಣಿಯವರು ಮದರಾಸಿನಲ್ಲಿ ಸ್ಥಾಪಿಸಿದ ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನಲ್ಲಾದರೋ ಶಿಷ್ಯನೇ ಪ್ರಭು, ಗುರುವು ಸಂಬಳದಾಳು. ಇಂಥ ವಿಪರೀತವಾದ ಗುರುಕುಲದಲ್ಲಿ ಕನ್ನಡಕ್ಕೆ ದೊರೆತುದೇನೆಂಬುದು ವಿಚಾರಾರ್ಹವಾಗಿದೆ.

1799ರಲ್ಲಿ ಟೀಪೂ ಸುಲ್ತಾನನು ಮಡಿದ ಬಳಿಕ ಕನ್ನಡ ಜಿಲ್ಲೆಯು ಕುಂಪಣಿಯ ವಶವಾಯಿತು. ಥಾಮಸ್ ಮನ್ರೋ ಅದರ ಕಲೆಕ್ಟರನಾಗಿ ಬಂದನು. ಹಾಲಾಡಿಯಂಥ ಗ್ರಾಮದ ಒಕ್ಕಲು ತನ್ನ ಗದ್ದೆಯ ವಿಷಯವಾಗಿ ಅರ್ಜಿ ತಂದರೆ ಆ ಮಾತನ್ನು ತಿಳಿಯುವ ಅಧಿಕಾರಿಯು ಬೇಕಾಗಿದ್ದನು. ಎಂದೆಂದಿಗೂ ನಿಲ್ಲುವ ಗೇಣಿ ಮೂಲಗೇಣಿ. ಒಡೆಯನ ಇಚ್ಛೆಯಿರುವಷ್ಟು ಕಾಲ ನಡೆಯುವುದು ಚಾಲಗೇಣಿ. ಒಂದು ಶಬ್ದವನ್ನು ತಪ್ಪಾಗಿ ತಿಳಿದರೆ ಒಂದು ಮನೆತನದ ಅನ್ನವೇ ಹೋಗುವುದು. ಅಳಿಯಸಂತಾನದ ಆಸ್ತಿಯ ವ್ಯಾಜ್ಯವಂತೂ ದುಭಾಷಿಗಳ ಬಾಯಿಂದ ಬಾಯಿಗೆ ದಾಟಿ ಸಾಹೇಬನ ಕಿವಿಗೆ ಮುಟ್ಟುವಷ್ಟರಲ್ಲಿ ಯಾವ ರೂಪ ತಾಳುತ್ತಿದ್ದಿತೋ!

ಕಾಲೇಜು ಹುಟ್ಟಿದುದು ಇಂಥ ಆಡಳಿತದ ಅಗತ್ಯದಿಂದಲೇ ಹೊರತು ವಿದ್ಯಾಪ್ರೇಮದಿಂದಲ್ಲ. ಆದರೆ ಅದರ ಮುಖ್ಯ ಪ್ರವರ್ತಕನಾದ ಫ್ರಾನ್ಸಿಸ್ ವೈಟ್ ಎಲ್ಲಿಸನು ಬರಿಯ ಅಧಿಕಾರಿಯಾಗಿರಲಿಲ್ಲ. ದಕ್ಷಿಣದ ಭಾಷೆಗಳೆಲ್ಲವೂ ಸಂಸ್ಕೃತದಿಂದ ಹುಟ್ಟಿದುವೆಂಬುದು ಆಗಿನ ಯುರೋಪಿಯನ್ ವಿದ್ವಾಂಸರಲ್ಲಿ ಪ್ರಬಲವಾಗಿದ್ದ ಅಭಿಪ್ರಾಯ. ಕ್ಯಾಂಬೆಲ್ಲನು 1816ರಲ್ಲಿ ಪ್ರಕಟಿಸಿದ ತೆಲುಗು ವ್ಯಾಕರಣಕ್ಕೆ ಬರೆದ ಪೀಠಿಕೆಯಲ್ಲಿ ಎಲ್ಲಿಸನು ಇದನ್ನು ಅಲ್ಲಗಳೆದನು. ತಮಿಳು, ತೆಲುಗು, ಕನ್ನಡಗಳ ಧಾತುಗಳನ್ನು ಸಾಲಾಗಿ ಇಟ್ಟು ತೋರಿಸಿ, ಇವೂ ಮಲೆಯಾಳ, ತುಳು, ಕೊಡಗು ನುಡಿಗಳೂ ಒಂದೇ ಕುಟುಂಬಕ್ಕೆ ಸೇರಿದುವೆಂದು ಸಾಧಿಸಿದನು. ಕಾಲ್ಡ್‌ವೆಲ್ಲನ ಪ್ರಸಿದ್ಧ ಗ್ರಂಥವು ಹೊರಬಂದುದು ಇದಕ್ಕೆ 40 ವರ್ಷಗಳ ತರುವಾಯ, 1856ರಲ್ಲಿ.

ಈ ಕೀರ್ತಿಯೆಲ್ಲವೂ ಎಲ್ಲಿಸನೊಬ್ಬನದೆ? ಅವನು ಹಿಡಿದ ತಕ್ಕಡಿಯು ನಮ್ಮ ವೈಯಾಕರಣರದು. ತತ್ಸಮ, ತದ್ಭವ, ದೇಶ್ಯ, ಗ್ರಾಮ್ಯವೆಂಬ ವಿಭಾಗವನ್ನು ಅವನು ಪಂಡಿತರಿಂದಲೇ ಕಲಿತನು. ಕಾಲೇಜಿನಲ್ಲಿ ಸಂಸ್ಕೃತ ಮತ್ತು ತೆಲುಗಿನ ಮುಖ್ಯ ಪಂಡಿತನಾಗಿದ್ದ ಪಟ್ಟಾಭಿರಾಮಶಾಸ್ತ್ರಿಯ ಧಾತುಸಂಗ್ರಹವೇ ಅವನಿಗೆ ಆಧಾರವಾಯಿತು. ಕನ್ನಡದಲ್ಲಿಯಾದರೆ ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿಯೇ ಶಬ್ದಮಣಿದರ್ಪಣದಲ್ಲಿ ಕನ್ನಡದ ಧಾತುಗಳನ್ನು ಬೇರೆಯಾಗಿ ಎಣಿಸಿಟ್ಟಿದ್ದನು. ಸಂಸ್ಕೃತವನ್ನು ಓದಿದವನಿಗೆ ಕನ್ನಡವು ಸ್ವತಂತ್ರವೆಂದರೆ ಅಪಮಾನವೆಂದು ತೋರಬೇಕಾದುದಿಲ್ಲ. ಆ ಭೇದವನ್ನು ಮೊದಲು ಗುರುತಿಸಿದವರು ಸಂಸ್ಕೃತವನ್ನು ಚೆನ್ನಾಗಿ ಬಲ್ಲವರೇ.

ಕನ್ನಡಕ್ಕೆ ನೇರವಾಗಿ ದೊರೆತ ಫಲವೂ ಉಂಟು. ಮೆಕೆರೆಲ್ಲನ ಕರ್ಣಾಟಕ ಭಾಷೆಯ ವ್ಯಾಕರಣವು 1820ರಲ್ಲಿ ಕಾಲೇಜಿನ ಮುದ್ರಣಾಲಯದಿಂದ ಹೊರಟಿತು. ಬಳ್ಳಾರಿಯ ಪಾದ್ರಿ ರೀವನ ಇಂಗ್ಲಿಷ್-ಕನ್ನಡ ಕೋಶವು 1824ರಲ್ಲಿಯೂ ಕನ್ನಡ-ಇಂಗ್ಲಿಷ್ ಕೋಶವು 1832ರಲ್ಲಿಯೂ ಮದರಾಸಿನಲ್ಲಿ ಅಚ್ಚಾದುವು. ಇವು ಪರಕೀಯರಿಗಾಗಿ ಪರಕೀಯರು ಇಂಗ್ಲಿಷಿನಲ್ಲಿ ವಿವರಿಸಿ ಬರೆದವು. ಆದರೆ ಕಾಲೇಜಿನ ಕನ್ನಡ ಪಂಡಿತನಾಗಿದ್ದ ಶ್ರೀರಂಗಪಟ್ಟಣದ ಕೃಷ್ಣಮಾಚಾರ್ಯನು 1838ರಲ್ಲಿ “ಹೊಸಗನ್ನಡ ನುಡಿಗನ್ನಡಿ”ಯನ್ನು ಕನ್ನಡದಲ್ಲಿಯೇ ಬರೆದು ಪ್ರಕಟಿಸಿದನು. ಹಳಗನ್ನಡದ ಕಾವ್ಯಭಾಷೆಗೆ ಲಕ್ಷಣ ಹೇಳುವುದೇ ವ್ಯಾಕರಣವೆಂದು ನಂಬಿದ್ದ ಕಾಲದಲ್ಲಿ, ಬಳಕೆಯ ಹೊಸಗನ್ನಡಕ್ಕೂ ಲಕ್ಷಣವುಂಟೆಂದು ತೋರಿದ ಗ್ರಂಥವಿದು. ಸಾಹೇಬರಿಗೆ ದಿನವೂ ಆಡುನುಡಿಯನ್ನು ಬಿಡಿಸಿ ಹೇಳಬೇಕಾದ ಕಷ್ಟವೇ ಪಂಡಿತನ ದೃಷ್ಟಿಯನ್ನು ಈ ಕಡೆಗೆ ತಿರುಗಿಸಿತೆಂದು ಊಹಿಸಿದರೆ ತಪ್ಪಾಗಲಾರದು.

ಎಲ್ಲಿಸನು 1819ರಲ್ಲಿ ರಾಮನಾಥಪುರದಲ್ಲಿ ಅಕಸ್ಮಾತ್ತಾಗಿ ವಿಷ ಸೇವನೆಯಾಗಿ ತೀರಿಕೊಂಡನು. ಅವನು ಬರೆದಿಟ್ಟ ಕಾಗದಗಳಲ್ಲಿ ಬಹುಭಾಗವು ಮಧುರೆಯ ಅಧಿಕಾರಿಯೊಬ್ಬನ ಮನೆಯಲ್ಲಿ ಅಡಿಗೆಯವನ ಕೈಸೇರಿ ಒಲೆ ಹೊತ್ತಿಸುವುದಕ್ಕೆ ಉಪಯೋಗವಾಯಿತೆಂದು ಹೇಳುತ್ತಾರೆ. ಕಾಲೇಜನ್ನು 1854ರಲ್ಲಿ ಮುಚ್ಚಿದರು. ಅಧಿಕಾರಿಗಳ ಭಾಷಾಪರೀಕ್ಷೆಯ ಕೆಲಸವು ಪರೀಕ್ಷಕ ಮಂಡಲಿಯೊಂದಕ್ಕೆ ಹೋಯಿತು.