ಅಟ್ಟದ ಮೇಲಿನ ಕೇಬಲ್ ಪುರಾಣ

ಮೊನ್ನೆ ಭಾನುವಾರ ಅಟ್ಟ ಗುಡಿಸೋಕೆ ಹತ್ತಿದ್ದೆ. ಹಳೇ ಕಂಪ್ಯೂಟರ್ ವೈರುಗಳು ತುಂಬಿದ ರಟ್ಟಿನ ಡಬ್ಬ ಕೈಗೆ ಸಿಕ್ಕಿತು. ಕೆಳಗೆ ಏಣಿ ಹಿಡಿದಿದ್ದ ಅಮ್ಮ, "ಆ ಹಾವಿನ ಮರಿಗಳನ್ನ ಇನ್ನೂ ಸಾಕ್ತಾ ಇದೀಯೇನೋ? ಗುಜರಿಯವನಿಗೆ ಹಾಕ್ಬಿಡು" ಅಂದರು. ಹಾಕೋಣ ಅಂತಲೇ ಇಳಿಸಿದೆ. ಆದರೆ ಒಂದೊಂದೇ ಸಿಕ್ಕು ಬಿಡಿಸುತ್ತಾ ಕೂತವನಿಗೆ ಮಧ್ಯಾಹ್ನದ ಊಟದ ಹೊತ್ತು ಮೀರಿದ್ದೇ ಗೊತ್ತಾಗಲಿಲ್ಲ!

ಮೊದಲು ಸಿಕ್ಕಿದ್ದು ಡಯಲ್-ಅಪ್ ಮೋಡೆಮ್ಮಿನ ಸೀರಿಯಲ್ ಕೇಬಲ್. ಇದರ ಹಿಂದಿರುವ ಆರ್‌ಎಸ್-232 ಎಂಬ ನಿಯಮ ಅಮೆರಿಕದಲ್ಲಿ ಬಂದಿದ್ದು 1960ರಲ್ಲಿ, ಅಂದರೆ ಮನೆ ಕಂಪ್ಯೂಟರ್ ಹುಟ್ಟುವುದಕ್ಕೂ ಎಷ್ಟೋ ಮೊದಲು. ಟೆಲಿಪ್ರಿಂಟರುಗಳನ್ನು ಮೋಡೆಮ್ಮಿಗೆ ಜೋಡಿಸಲು ಮಾಡಿದ್ದು ಅದು. ರೇಷನ್ ಅಂಗಡಿ ಕ್ಯೂ ಥರ ಬಿಟ್‌ಗಳು ಒಂದರ ಹಿಂದೆ ಒಂದು ಹೋಗುತ್ತವೆ. ಮೊದಲು 25 ಪಿನ್ ಇದ್ದದ್ದು, 1984ರ ಐಬಿಎಂ ಪಿಸಿ ಎಟಿಯಲ್ಲಿ 9ಕ್ಕೆ ಇಳಿಯಿತು.

ಆಮೇಲೆ ಬಂತು ಹೆಬ್ಬೆರಳು ಗಾತ್ರದ ಪ್ರಿಂಟರ್ ಕೇಬಲ್. 1970ರಲ್ಲಿ ಸೆಂಟ್ರಾನಿಕ್ಸ್ ಕಂಪನಿ ತನ್ನ ಪ್ರಿಂಟರಿಗೆ ಮಾಡಿಕೊಂಡ 36 ಪಿನ್ನಿನ ಜೋಡಣೆ ಇದರ ಮೂಲ. ಎಂಟು ಬಿಟ್‌ಗಳಿಗೆ ಎಂಟು ವೈರು, ಒಂದೇ ಏಟಿಗೆ ಒಂದು ಪೂರ್ತಿ ಅಕ್ಷರ ದಾಟುತ್ತದೆ. ಅದಕ್ಕೇ ಇದಕ್ಕೆ ಪ್ಯಾರಲಲ್ ಅನ್ನೋ ಹೆಸರು. ನಮ್ಮ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಕರಕರ ಸದ್ದು ಕಿವಿಯಲ್ಲಿ ಮತ್ತೆ ಕೇಳಿಸಿದ ಹಾಗಾಯ್ತು.

ಪಿಎಸ್/2 ಕೀಬೋರ್ಡು, ವಿಜಿಎ ಮಾನಿಟರು... ಈ ಎರಡೂ 1987ರಲ್ಲಿ ಐಬಿಎಂನ ಪಿಎಸ್/2 ಕಂಪ್ಯೂಟರುಗಳ ಜತೆ ಬಂದವು. ಮೇಜಿನ ಹಿಂದೆ ಕತ್ತಲಲ್ಲಿ ಕೈ ಹಾಕಿ ಚುಚ್ಚಿ, ಪಿನ್ ಬಗ್ಗಿಸಿ ಬೈಸಿಕೊಂಡವರು ನಿಮ್ಮಲ್ಲೂ ಇರಬೇಕು :-)

ಡಬ್ಬದಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಮಾತ್ರ ಹಾರ್ಡ್ ಡಿಸ್ಕಿನ ಆ ಬೂದು ಬಣ್ಣದ ಅಗಲ ಪಟ್ಟಿ. ಐಡಿಇ ಅನ್ನುತ್ತಿದ್ದೆವಲ್ಲ, ಅದು. 1986ರ ಸುಮಾರಿಗೆ ವೆಸ್ಟರ್ನ್ ಡಿಜಿಟಲ್, ಕಾಂಪ್ಯಾಕ್ ಮುಂತಾದ ಕಂಪನಿಗಳು ಸೇರಿ ರೂಪಿಸಿದ್ದು. 40 ವೈರು ಅಕ್ಕಪಕ್ಕ, ಒಂದನೇ ಪಿನ್ನಿನ ಕಡೆ ಕೆಂಪು ಗೆರೆ. ವೇಗ ಹೆಚ್ಚಿಸಿದಾಗ ಪಕ್ಕದ ವೈರಿನ ಮಾತು ಈ ವೈರಿಗೂ ಕೇಳಿಸತೊಡಗಿತು. ಅದಕ್ಕೆ ನಡುನಡುವೆ ಇನ್ನೂ 40 ಗ್ರೌಂಡ್ ವೈರು ಸೇರಿಸಿ 80 ಮಾಡಿದರು. ಅದೂ ಸಾಲಲಿಲ್ಲ. ಒಟ್ಟಿಗೆ ಹೊರಟ ಬಿಟ್‌ಗಳು ಒಟ್ಟಿಗೆ ತಲುಪದಿದ್ದರೆ ಪ್ಯಾರಲಲ್ ಲೆಕ್ಕವೇ ತಪ್ಪುತ್ತದೆ ನೋಡಿ. ಕೊನೆಗೆ 2003ರ ಹೊತ್ತಿಗೆ ಬಂದ ಸಾಟಾದಲ್ಲಿ ಇದ್ದದ್ದು ಏಳೇ ವೈರು! ಮತ್ತೆ ಅದೇ ಹಳೇ ಕ್ಯೂ ಪದ್ಧತಿ, ಆದರೆ ಕ್ಯೂ ಓಡುತ್ತಿತ್ತು. 80 ವೈರು ಸೆಕೆಂಡಿಗೆ ಹೆಚ್ಚೆಂದರೆ 133 ಮೆಗಾಬೈಟ್ ಸಾಗಿಸಿದರೆ, ಏಳು ವೈರು ಮೊದಲ ಹೆಜ್ಜೆಯಲ್ಲೇ 150 ಸಾಗಿಸಿತು.

ಯುಎಸ್‌ಬಿ ಕಥೆಯೂ ಹೀಗೇ. ನಾಲ್ಕೇ ವೈರಿನಲ್ಲಿ ಕರೆಂಟು, ಮಾಹಿತಿ ಎರಡೂ. 1996ರಲ್ಲಿ ಮೊದಲ ಆವೃತ್ತಿ ಬಂತು. ಅದನ್ನು ರೂಪಿಸಿದ ಇಂಟೆಲ್ ತಂಡದ ಮುಂದಾಳು ಬರೋಡಾದಲ್ಲಿ ಓದಿದ ಅಜಯ್ ಭಟ್. ಪ್ಲಗ್ಗನ್ನು ಹೇಗೆ ಬೇಕಾದರೂ ಚುಚ್ಚುವಂತೆ ಮಾಡಬಹುದಿತ್ತು, ಆದರೆ ವೈರು, ಖರ್ಚು ಎರಡೂ ಹೆಚ್ಚುತ್ತಿದ್ದವಂತೆ. ಆ ಸುಖ ನಮಗೆ ದಕ್ಕಿದ್ದು 2014ರ ಟೈಪ್-ಸಿಯಲ್ಲಿ.

ಇಷ್ಟೆಲ್ಲ ಯಾಕೆ ಕೊರೆದೆ ಅಂದರೆ, ಡಬ್ಬದ ತಳದಲ್ಲಿ ಪೇಪರ್ ಸುತ್ತಿಟ್ಟ ನಮ್ಮ ಮೊದಲ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಇತ್ತು. ಅಪ್ಪ ರಿಟೈರ್ ಆದ ಮೇಲೆ ನುಡಿಯಲ್ಲಿ ಟೈಪ್ ಮಾಡೋದು ಕಲಿತು ಏನೋ ಬರೀತಿದ್ದರು. "ಏನಪ್ಪಾ ಅದು?" ಅಂದರೆ "ಮುಗೀಲಿ, ಆಮೇಲೆ ಓದುವಿಯಂತೆ" ಅನ್ನೋರು. ಮುಗಿಯಿತೋ ಇಲ್ಲವೋ ಕೇಳೋಕೆ ಈಗ ಅಪ್ಪ ಇಲ್ಲ.

ಪಟ್ಟಿ ಕೇಬಲ್ ಕೈಯಲ್ಲೇ ಇದೆ, ಲ್ಯಾಪ್‌ಟಾಪಿನಲ್ಲಿ ಚುಚ್ಚೋಕೆ ಜಾಗವೇ ಇಲ್ಲ! ಮಾರನೇ ದಿನ ಎಸ್.ಪಿ. ರೋಡಿನಲ್ಲಿ ನಾಲ್ಕು ಅಂಗಡಿ ಸುತ್ತಿ ಐಡಿಇಯಿಂದ ಯುಎಸ್‌ಬಿಗೆ ಹಾಕುವ ಅಡಾಪ್ಟರ್ ತಂದೆ. ಡಿಸ್ಕಿನ ಜಂಪರ್ ಸರಿ ಮಾಡಿ ಉಸಿರು ಬಿಗಿ ಹಿಡಿದು ಸ್ವಿಚ್ ಹಾಕಿದೆ. ತಿರುಗಿತು! ಫೈಲ್ ಸಿಕ್ಕಿತು, ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹಳೇ ನುಡಿ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದರಲ್ಲ, ಅದರ ಫಲ. ಯೂನಿಕೋಡಿಗೆ ಪರಿವರ್ತಿಸಿದ ಮೇಲೆ, ಅಲ್ಲಲ್ಲಿ ಒತ್ತಕ್ಷರ ಎಡವಿದ್ದು ಬಿಟ್ಟರೆ, ಅಪ್ಪ ಮಾತಾಡತೊಡಗಿದರು.

ಊರ ಕೆರೆ, ಜಾತ್ರೆ, ಅಜ್ಜನ ಸಾಲ. ಆಮೇಲೆ ಮದುವೆ ದಿನದ ಮಳೆ, ದಾರಿಯಲ್ಲಿ ಕೆಟ್ಟು ನಿಂತ ಬಸ್ಸು. ಬರಹ ಅಲ್ಲಿಗೇ ನಿಂತಿದೆ. ಅಮ್ಮ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಬಸ್ಸಲ್ಲ, ಲಾರಿ. ಬರ್ಕೋ, ಮುಂದಿನದು ನಾನು ಹೇಳ್ತೀನಿ" ಅಂದರು.

ಈಗ ದಿನಾ ರಾತ್ರಿ ಅಮ್ಮ ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ. ಡಬ್ಬ ಇನ್ನೂ ಗುಜರಿಗೆ ಹೋಗಿಲ್ಲ, ಅಮ್ಮನೂ ಕೇಳಿಲ್ಲ. ನಿಮ್ಮ ಅಟ್ಟದಲ್ಲೂ ಇಂಥ ಡಿಸ್ಕ್ ಇದ್ದರೆ ಈ ಭಾನುವಾರವೇ ಇಳಿಸಿ. ಕೇಬಲ್ ಜೋಪಾನ ಮಾಡಿದರೆ ಸಾಲದು, ಅದರ ಇನ್ನೊಂದು ತುದಿಗೂ ಏನಾದರೂ ಉಳಿದಿರಬೇಕು.